ಷರಾ ಕಲಂನಲ್ಲಿ ಉಳಿದವರು: ಆಮ್‌ಸ್ಟರ್‌ಡ್ಯಾಮ್ ನಗರಾಡಳಿತದ ಕಡತಗಳು ಮತ್ತು ಯಹೂದಿಗಳ ಗಡೀಪಾರು

ಆಮ್‌ಸ್ಟೆಲ್‌ವೇನ್ ವಾಸಿ:

ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್‌ಗೆ ಬಂದ ಮೊದಲ ಮೂರು ವರ್ಷ ನಾವು ಆಮ್‌ಸ್ಟರ್‌ಡ್ಯಾಮಿನ ದಕ್ಷಿಣಕ್ಕಿರುವ ರಿವೀರನ್‌ಬ್ಯೂರ್ಟ್ ಬಡಾವಣೆಯಲ್ಲಿ ಬಾಡಿಗೆಗೆ ಇದ್ದೆವು. ಆ ಮನೆಯ ಬಾಗಿಲ ಮುಂದಿನ ಕಾಲುದಾರಿಯಲ್ಲಿ, ಇಟ್ಟಿಗೆಗಳ ನಡುವೆ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ, ಅಂಗೈ ಅಗಲದ ನಾಲ್ಕು ಹಿತ್ತಾಳೆ ಫಲಕಗಳನ್ನು ಕೂರಿಸಿದ್ದರು. ಒಂದೊಂದರ ಮೇಲೂ ‘ಇಲ್ಲಿ ವಾಸವಾಗಿದ್ದರು’ ಎಂಬ ಒಕ್ಕಣೆ, ಒಂದು ಹೆಸರು, ಹುಟ್ಟಿದ ವರ್ಷ, ಬಂಧನದ ದಿನಾಂಕ, ಕೊಲೆಯಾದ ಜಾಗ ಇದ್ದವು. ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ದಿನವೂ ಅವುಗಳ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆವು. ಅವಳು ಅಕ್ಷರ ಕೂಡಿಸಿ ಓದಲು ಕಲಿತ ಹೊಸದರಲ್ಲಿ ಗಟ್ಟಿಯಾಗಿ ಓದಿದ ಹೆಸರುಗಳಲ್ಲಿ ಅವೂ ಸೇರಿದ್ದವು.

ಆ ನಾಲ್ವರ ಬಗ್ಗೆ ನಗರದ ಬಳಿ ಏನು ದಾಖಲೆ ಉಳಿದಿದೆ ಎಂದು ತಿಳಿಯುವ ಆಸೆ ಆಗಲೇ ಹುಟ್ಟಿತ್ತು. ಕಳೆದ ಚಳಿಗಾಲದಲ್ಲಿ ಬಿಡುವು ಮಾಡಿಕೊಂಡು ಫೈಝೆಲ್‌ಸ್ಟ್ರಾಟ್ ರಸ್ತೆಯಲ್ಲಿರುವ ನಗರ ದಫ್ತರಖಾನೆಗೆ ಹೋದೆ. ಈಸ್ಟ್ ಇಂಡೀಸ್ ವ್ಯಾಪಾರದ ಹಣದ ಲೇವಾದೇವಿ ನಡೆಸುತ್ತಿದ್ದ ಸಂಸ್ಥೆಯೊಂದು 1926ರಲ್ಲಿ ಕಟ್ಟಿ ಮುಗಿಸಿದ ಭಾರಿ ಕಲ್ಲು-ಇಟ್ಟಿಗೆಯ ಕಟ್ಟಡ ಅದು. ಈಗ ಅಲ್ಲಿ ನಗರದ ಕಾಗದಪತ್ರಗಳಿವೆ. ನಾನು ಓದಿದ್ದು ಜನಸಂಖ್ಯಾ ನೋಂದಣಿಯ ಕಾರ್ಡುಗಳನ್ನು. ಒಬ್ಬ ಮನುಷ್ಯನಿಗೆ ಒಂದು ಕಾರ್ಡು. ಹೆಸರು, ಹುಟ್ಟಿದ ದಿನ, ತಂದೆತಾಯಿ, ಕಸುಬು, ಧರ್ಮ, ಆಮೇಲೆ ವಿಳಾಸಗಳ ಸಾಲು. ಮನೆ ಬದಲಾದಂತೆಲ್ಲ ಹಳೆಯ ವಿಳಾಸಕ್ಕೆ ಗೀಟು ಎಳೆದು, ದಿನಾಂಕ ಹಾಕಿ, ಕೆಳಗೆ ಹೊಸದನ್ನು ಬರೆಯುತ್ತ ಹೋಗಿದ್ದಾರೆ. ನಾನು ವಾಸವಿದ್ದ ಮನೆಯ ಸಂಖ್ಯೆಯೇ ಅವರ ಕೊನೆಯ ಆಮ್‌ಸ್ಟರ್‌ಡ್ಯಾಮ್ ವಿಳಾಸ. ಅದಕ್ಕೂ ಗೀಟು ಎಳೆದಿದೆ. ಅದರ ಮುಂದೆ ಮೂರು ಅಕ್ಷರಗಳ ಒಂದು ಡಚ್ ಸಂಕ್ಷೇಪ ಇದೆ. ಬಿಡಿಸಿ ಓದಿದರೆ ‘ಹೋಗಿದ್ದಾರೆ, ಎಲ್ಲಿಗೆಂದು ತಿಳಿಯದು’ ಎಂದಾಗುತ್ತದೆ.

ಆ ಸಾಲನ್ನು ಬರೆದವರು ಇದೇ ನಗರದ ನೌಕರರು. ಆ ಕುಟುಂಬಗಳನ್ನು ರಾತ್ರಿ ಹೊತ್ತು ರೈಲು ನಿಲ್ದಾಣಕ್ಕೆ ಒಯ್ದದ್ದು ಇದೇ ನಗರದ ಟ್ರಾಮ್. ಅಂದ ಮೇಲೆ ‘ಎಲ್ಲಿಗೆಂದು ತಿಳಿಯದು’ ಎಂಬ ಮಾತನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಕಡತ, ದಫ್ತರ, ನೋಂದಣಿಗಳ ಅನುಭವ ಇರುವವರು ಇಲ್ಲಿದ್ದೀರಿ, ಇತಿಹಾಸ ಓದಿಕೊಂಡವರೂ ಇದ್ದೀರಿ. ಈ ವಿಷಯದ ಮೇಲೆ ಒಂದು ಗಂಭೀರ ಚರ್ಚೆ ನಡೆಯಲಿ ಎಂದು ಬರೆಯುತ್ತಿದ್ದೇನೆ.

ನಿವೃತ್ತ ರೆಕಾರ್ಡ್ ಕೀಪರ್, ಹಾಸನ:

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ದಫ್ತರದಲ್ಲಿ ಕೆಲಸ ಮಾಡಿದವನು ನಾನು. ಯಾವ ರಿಜಿಸ್ಟರಾದರೂ ಮೊದಲು ಷರಾ ಕಲಂ ನೋಡುವುದು ನನ್ನ ಅಭ್ಯಾಸ. ಉಳಿದ ಕಲಂಗಳಲ್ಲಿ ಸರ್ಕಾರ ಕೇಳಿದ್ದು ಇರುತ್ತದೆ, ಷರಾದಲ್ಲಿ ಗುಮಾಸ್ತನಿಗೆ ತಿಳಿದದ್ದು ಇರುತ್ತದೆ. ತಿಳಿದೂ ಬರೆಯದೆ ಬಿಟ್ಟದ್ದು ಸಹ ಅಲ್ಲೇ ಕಾಣುತ್ತದೆ.

ನನಗೆ ಎರಡು ಸಂದೇಹಗಳಿವೆ. ಯುದ್ಧಕ್ಕೆ ಮೊದಲೇ ಆ ಕಾರ್ಡಿನಲ್ಲಿ ಧರ್ಮದ ಕಲಂ ಇತ್ತೇ, ಅಥವಾ ಜರ್ಮನರು ಬಂದ ಮೇಲೆ ಸೇರಿಸಿದರೇ? ಮತ್ತೆ, ಯಹೂದಿಗಳು ಯಾರು ಎಂದು ಪಟ್ಟಿ ಮಾಡುವ ಆದೇಶ ಬಂದಾಗ ಆ ಕೆಲಸ ಯಾವ ಮೇಜಿನ ಮೇಲೆ ನಡೆಯಿತು? ಮಿಲಿಟರಿಯವರ ಕಚೇರಿಯಲ್ಲೋ, ನಗರಸಭೆಯ ಕೌಂಟರಿನಲ್ಲೋ?

ಆಮ್‌ಸ್ಟೆಲ್‌ವೇನ್ ವಾಸಿ:

ಸರ್, ಧರ್ಮದ ಕಲಂ ಮೊದಲೇ ಇತ್ತು. ಇಲ್ಲಿ ಜನಸಂಖ್ಯಾ ನೋಂದಣಿಗೆ ಹತ್ತೊಂಬತ್ತನೆಯ ಶತಮಾನದಿಂದ ಬಂದ ಪರಂಪರೆ ಇದೆ, ಯಾರು ಯಾವ ಚರ್ಚಿಗೆ ಅಥವಾ ಸಮುದಾಯಕ್ಕೆ ಸೇರಿದವರು ಎಂಬುದನ್ನು ಬರೆದುಕೊಳ್ಳುವುದು ಅದರ ಭಾಗವಾಗಿತ್ತು. 1936ರ ಆದೇಶದ ಮೇಲೆ ಪುಸ್ತಕಗಳ ಬದಲು ವ್ಯಕ್ತಿಗೊಂದು ಕಾರ್ಡಿನ ಪದ್ಧತಿಯನ್ನು ಇಡೀ ದೇಶಕ್ಕೆ ತಂದರು. ಮನುಷ್ಯ ಊರು ಬಿಟ್ಟು ಬೇರೆ ಊರಿಗೆ ಹೋದರೆ ಅವನ ಕಾರ್ಡೂ ಹಿಂದೆಯೇ ಹೋಗುತ್ತಿತ್ತು. ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಯೂರೋಪಿನಲ್ಲಿ ಹೆಚ್ಚು ಕಡೆ ಇರಲಿಲ್ಲ. ಇದರ ಹಿಂದಿದ್ದ ಅಧಿಕಾರಿಗಳಲ್ಲಿ ಮುಖ್ಯನಾದವನು ಯಾಕೋಬ್ ಲೆಂಟ್ಸ್, ದೇಶದ ಜನಸಂಖ್ಯಾ ನೋಂದಣಿಗಳ ತಪಾಸಣಾ ಇಲಾಖೆಯ ಮುಖ್ಯಸ್ಥ. ಎಲ್ಲ ಪ್ರಜೆಗಳಿಗೂ ಗುರುತಿನ ಚೀಟಿ ಕೊಡಬೇಕೆಂಬ ಅವನ ಯೋಜನೆಯನ್ನು 1940ರ ಮಾರ್ಚಿನಲ್ಲಿ ಡಚ್ ಸರ್ಕಾರವೇ ಒಪ್ಪಿರಲಿಲ್ಲ, ಪ್ರತಿ ಪ್ರಜೆಯನ್ನೂ ಅಪರಾಧಿಯಂತೆ ಕಾಣುವುದು ಈ ದೇಶದ ಸಂಪ್ರದಾಯವಲ್ಲ ಎಂಬ ಕಾರಣಕ್ಕೆ. ಮೇ ತಿಂಗಳಲ್ಲಿ ಜರ್ಮನರು ದೇಶವನ್ನು ವಶಪಡಿಸಿಕೊಂಡರು. ಅದೇ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಫೋಟೋ, ಬೆರಳಚ್ಚು, ವಿಶೇಷ ಶಾಯಿ ಇದ್ದ ಆ ಚೀಟಿಯನ್ನು ನಕಲು ಮಾಡುವುದು ಬಹಳ ಕಷ್ಟವಾಗಿತ್ತು. ಮುಂದೆ ಯಹೂದಿಗಳ ಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರದ ಮೊಹರು ಒತ್ತಿದರು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ನಗರಸಭೆಯ ಕೌಂಟರಿನಲ್ಲಿ. 1940ರ ಅಕ್ಟೋಬರಿನಲ್ಲಿ ಎಲ್ಲ ಸರ್ಕಾರಿ ನೌಕರರೂ ತಾವು ಯಹೂದಿಯೋ ಅಲ್ಲವೋ ಎಂಬ ಘೋಷಣೆಗೆ ರುಜು ಹಾಕಬೇಕಾಯಿತು. ಬಹುಪಾಲು ಎಲ್ಲರೂ ಹಾಕಿದರು. ಕೆಲವೇ ವಾರಗಳಲ್ಲಿ ಯಹೂದಿ ನೌಕರರನ್ನು ಕೆಲಸದಿಂದ ತೆಗೆದರು. ದೇಶದ ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಲೋಡೆವೈಕ್ ವಿಸ್ಸರ್ ಅವರೂ ಅದರಲ್ಲಿ ಸೇರಿದ್ದರು. ಆಮೇಲೆ 1941ರ ಜನವರಿ 10ರ ಆದೇಶ ಬಂತು: ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಯಹೂದಿಯಾಗಿದ್ದರೆ ಅಂಥವರು ತಾವು ವಾಸವಿರುವ ಊರಿನ ನೋಂದಣಿ ಕಚೇರಿಗೆ ಹೋಗಿ ಫಾರಂ ತುಂಬಿ ಕೊಡಬೇಕು, ತಪ್ಪಿದರೆ ಐದು ವರ್ಷದವರೆಗೆ ಸೆರೆವಾಸ. ನೋಂದಣಿಗೆ ಒಂದು ಗಿಲ್ಡರ್ (ಆಗಿನ ಡಚ್ ನಾಣ್ಯ) ಶುಲ್ಕವನ್ನೂ ಅವರೇ ಕಟ್ಟಬೇಕಿತ್ತು. ಹಾಗೆ ಬಂದು ಸೇರಿದ ಫಾರಂಗಳ ಒಟ್ಟು ಸಂಖ್ಯೆ 1,60,820. ಒಂದು ವರ್ಷದ ನಂತರ, 1942ರ ಜನವರಿಯಲ್ಲಿ, ಬರ್ಲಿನ್ ಪಕ್ಕದ ವಾನ್‌ಸೀ ಸರೋವರದ ದಂಡೆಯ ಬಂಗಲೆಯಲ್ಲಿ ಯೂರೋಪಿನ ಯಹೂದಿಗಳ ಸಂಹಾರದ ಸಮನ್ವಯಕ್ಕಾಗಿ ಸಭೆ ಸೇರಿತಲ್ಲ, ಅದರ ನಡಾವಳಿಯಲ್ಲಿ ದೇಶವಾರು ಪಟ್ಟಿ ಇದೆ. ನೆದರ್‌ಲ್ಯಾಂಡ್ಸ್ ಮುಂದೆ ಬರೆದಿರುವ ಅಂಕಿ 1,60,800. ಊರೂರಿನ ಕೌಂಟರುಗಳಲ್ಲಿ ತಲಾ ಒಂದು ಗಿಲ್ಡರ್ ಪಡೆದು ಎಣಿಸಿದ ಲೆಕ್ಕ ಆ ಮೇಜಿನವರೆಗೂ ಹೋಗಿ ಮುಟ್ಟಿತ್ತು.

ಇತಿಹಾಸ ಉಪನ್ಯಾಸಕಿ, ಧಾರವಾಡ:

ಈ ಚರ್ಚೆ ಎತ್ತಿದ್ದಕ್ಕೆ ಧನ್ಯವಾದಗಳು. ಇದಕ್ಕೆ ಇನ್ನೊಂದು ಕಡತವನ್ನು ಸೇರಿಸುತ್ತೇನೆ, ತರಗತಿಯಲ್ಲಿ ಪ್ರತಿ ವರ್ಷವೂ ತೋರಿಸುವಂಥದ್ದು. 1941ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಜರ್ಮನ್ ಪ್ರತಿನಿಧಿ ಹಾನ್ಸ್ ಬೋಮ್‌ಕರ್, ನಗರದಲ್ಲಿ ಯಹೂದಿಗಳು ಎಲ್ಲೆಲ್ಲಿ ವಾಸವಿದ್ದಾರೆಂದು ತೋರಿಸುವ ನಕ್ಷೆ ಬೇಕೆಂದು ನಗರಾಡಳಿತವನ್ನು ಕೇಳಿದ. ನಗರದ ಅಂಕಿಅಂಶ ಕಚೇರಿ ಅದನ್ನು ಮಾಡಿ ಕೊಟ್ಟಿತು. ಮೇ ತಿಂಗಳ ದಿನಾಂಕ ಇರುವ ಆ ನಕ್ಷೆಯಲ್ಲಿ ಒಂದೊಂದು ಚುಕ್ಕಿಗೆ ಹತ್ತು ಯಹೂದಿಗಳು ಎಂಬ ಲೆಕ್ಕ. ಹಳೆಯ ಯಹೂದಿ ಕೇರಿಯ ಭಾಗದಲ್ಲಿ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಕಪ್ಪಗೆ ಗಟ್ಟಿಯಾಗಿವೆ, ಉತ್ತರದ ಬಡಾವಣೆಗಳಲ್ಲಿ ವಿರಳವಾಗಿವೆ. ನಗರದಲ್ಲಿ ಆಗ ಸುಮಾರು 80 ಸಾವಿರ ಯಹೂದಿಗಳಿದ್ದರು. ಆ ನಕ್ಷೆಯನ್ನು ಬರೆದವರು ನುರಿತ ಕೆಲಸಗಾರರು. ಅಂಚಿನ ಗೆರೆ, ಸೂಚಿ, ಅಳತೆ ಎಲ್ಲವೂ ನೀಟಾಗಿವೆ. ವಿದ್ಯಾರ್ಥಿಗಳು ಮೊದಲು ಅದನ್ನು ಸಾಂಕ್ರಾಮಿಕ ರೋಗದ ನಕ್ಷೆಯೆಂದೇ ತಿಳಿಯುತ್ತಾರೆ.

ಆದರೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನೆದರ್‌ಲ್ಯಾಂಡ್ಸ್‌ನ ಯಹೂದಿಗಳಲ್ಲಿ ಸುಮಾರು ಶೇ 75ರಷ್ಟು ಮಂದಿ ಕೊಲೆಯಾದರು. ಬೆಲ್ಜಿಯಂನಲ್ಲಿ ಸುಮಾರು ಶೇ 40, ಫ್ರಾನ್ಸಿನಲ್ಲಿ ಸುಮಾರು ಶೇ 25. ಈ ಅಂತರಕ್ಕೆಲ್ಲ ನೋಂದಣಿ ಕಾರ್ಡೊಂದೇ ಕಾರಣ ಎಂದುಬಿಟ್ಟರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಾಜಿ ಪಕ್ಷದ ನಾಗರಿಕ ಆಡಳಿತವಿತ್ತು, ಎಸ್‌ಎಸ್ ಪಡೆಯ ಹಿಡಿತ ಬಿಗಿಯಾಗಿತ್ತು. ಬೆಲ್ಜಿಯಂನಲ್ಲಿದ್ದದ್ದು ಸೇನಾ ಆಡಳಿತ. ಅಲ್ಲಿನ ಯಹೂದಿಗಳಲ್ಲಿ ಬಹಳಷ್ಟು ಮಂದಿ ಪೂರ್ವ ಯೂರೋಪಿನಿಂದ ಈಚೆಗೆ ವಲಸೆ ಬಂದವರು, ಸರ್ಕಾರದ ಕಾಗದವನ್ನು ಸುಲಭಕ್ಕೆ ನಂಬದವರು. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸ್ಥಳೀಯ ಆಡಳಿತದ ನಡವಳಿಕೆ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಬೆಲ್ಜಿಯಂನ ಎರಡು ನಗರಗಳನ್ನೇ ನೋಡಿ. 1940ರ ಕೊನೆಯಲ್ಲಿ ಯಹೂದಿಗಳ ರಿಜಿಸ್ಟರ್ ತೆರೆಯುವ ಕೆಲಸವನ್ನು ಬ್ರಸೆಲ್ಸ್, ಆಂಟ್‌ವೆರ್ಪ್ ಎರಡೂ ಮಾಡಿದವು. 1942ರಲ್ಲಿ ಯಹೂದಿಗಳು ಬಟ್ಟೆಯ ಮೇಲೆ ಧರಿಸಬೇಕಿದ್ದ ಹಳದಿ ನಕ್ಷತ್ರಗಳನ್ನು ಹಂಚಬೇಕೆಂದು ಆದೇಶ ಬಂದಾಗ ಬ್ರಸೆಲ್ಸ್‌ನ ಮೇಯರುಗಳು ಆಗುವುದಿಲ್ಲವೆಂದು ಜೂನ್ ತಿಂಗಳಲ್ಲಿ ಪತ್ರ ಬರೆದು ಕೊಟ್ಟರು. ಆಂಟ್‌ವೆರ್ಪ್ ನಗರಾಡಳಿತ ಹಂಚಿತು, ಆಗಸ್ಟಿನಲ್ಲಿ ಆ ನಗರದ ಪೊಲೀಸರೇ ಮನೆಮನೆಗೆ ಹೋಗಿ ಜನರನ್ನು ಹಿಡಿದು ತಂದರು. ಆಂಟ್‌ವೆರ್ಪಿನ ಯಹೂದಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಗಡೀಪಾರಾದರು, ಬ್ರಸೆಲ್ಸ್‌ನಲ್ಲಿ ಮೂರರಲ್ಲಿ ಒಂದು ಪಾಲಿನ ಆಸುಪಾಸು.

ಬೆಂಗಳೂರಿನ ಡೇಟಾಬೇಸ್ ಕೆಲಸಗಾರ:

ನನ್ನ ಪ್ರಶ್ನೆ ನೇರವಾಗಿದೆ, ತಪ್ಪು ತಿಳಿಯಬೇಡಿ. ನೋಂದಣಿಯೇ ಆಯುಧವಾಗಿದ್ದರೆ ಅದನ್ನು ಯಾರೂ ಸುಟ್ಟುಹಾಕಲಿಲ್ಲವೇಕೆ?

ಇತಿಹಾಸ ಉಪನ್ಯಾಸಕಿ, ಧಾರವಾಡ:

ಸುಡಲು ಹೋದರು. 1943ರ ಮಾರ್ಚ್ 27ರ ರಾತ್ರಿ, ಪ್ಲಾಂಟಾಗೆ ಕೆರ್ಕ್‌ಲಾನ್ ರಸ್ತೆಯಲ್ಲಿದ್ದ ಆಮ್‌ಸ್ಟರ್‌ಡ್ಯಾಮ್ ಜನಸಂಖ್ಯಾ ನೋಂದಣಿ ಕಚೇರಿಗೆ ಪೊಲೀಸ್ ಸಮವಸ್ತ್ರ ತೊಟ್ಟ ಒಂದು ತಂಡ ನುಗ್ಗಿತು. ಮುಂದಾಳುಗಳಲ್ಲಿ ಶಿಲ್ಪಿ ಹೆರಿಟ್ ಫಾನ್ ಡರ್ ವೇನ್ ಮತ್ತು ಚಿತ್ರಕಾರ, ಲೇಖಕ ವಿಲೆಮ್ ಅರೊಂಡೇಯಸ್ ಇದ್ದರು. ಕಾವಲುಗಾರರಿಗೆ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟು, ಅವರ ಪ್ರಾಣಕ್ಕೆ ಅಪಾಯವಾಗದಂತೆ ಪಕ್ಕದ ಮೃಗಾಲಯದ ತೋಟಕ್ಕೆ ಹೊತ್ತೊಯ್ದು ಮಲಗಿಸಿದರು. ಕಾರ್ಡಿನ ಡ್ರಾಯರುಗಳನ್ನು ನೆಲಕ್ಕೆ ಸುರಿದು, ಬೇಗ ಹೊತ್ತಿಕೊಳ್ಳುವ ಬೆಂಜೋಲ್ ದ್ರವ ಸುರುವಿ, ಸಿಡಿಮದ್ದು ಇಟ್ಟು ಹೊರಟರು. ಅಗ್ನಿಶಾಮಕ ದಳದವರು ಬೇಕೆಂದೇ ತಡವಾಗಿ ಬಂದರು, ಬಂದ ಮೇಲೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ನೀರು ಹೊಡೆದರು. ಬೆಂಕಿಯಿಂದ ಉಳಿದದ್ದು ನೀರಿನಲ್ಲಿ ಹಾಳಾಗಲಿ ಎಂದು. ಇಷ್ಟಾದರೂ ನಾಶವಾದದ್ದು ಸುಮಾರು ಶೇ 15ರಷ್ಟು ಕಾರ್ಡುಗಳು. ಬಿಗಿಯಾಗಿ ಒತ್ತಿಟ್ಟ ಕಾಗದ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ತಂಡದ ಹನ್ನೆರಡು ಮಂದಿಯನ್ನು ಜುಲೈ 1ರಂದು ಗುಂಡಿಕ್ಕಿ ಕೊಂದರು. ಅರೊಂಡೇಯಸ್ ಅವರಲ್ಲಿ ಒಬ್ಬ. ಫಾನ್ ಡರ್ ವೇನ್ ಆಗ ತಪ್ಪಿಸಿಕೊಂಡ, ಮುಂದಿನ ವರ್ಷ ಜೂನಿನಲ್ಲಿ ಅವನನ್ನೂ ಕೊಂದರು.

ಅವರ ಉದ್ದೇಶವನ್ನೂ ಸರಿಯಾಗಿ ತಿಳಿಯಬೇಕು. ಫಾನ್ ಡರ್ ವೇನ್ ನಡೆಸುತ್ತಿದ್ದ ಗುಪ್ತ ಸಂಘಟನೆ ಅಡಗಿ ಕೂತವರಿಗಾಗಿ ಖೋಟಾ ಗುರುತಿನ ಚೀಟಿಗಳನ್ನು ತಯಾರಿಸುತ್ತಿತ್ತು. ಚೀಟಿ ಎಷ್ಟೇ ಚೆನ್ನಾಗಿದ್ದರೂ ಪೊಲೀಸರು ನೋಂದಣಿ ಕಚೇರಿಯ ಕಾರ್ಡಿನ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತಿದ್ದರು. ತಾಳೆ ನೋಡಲು ಕಾರ್ಡೇ ಇಲ್ಲದಂತೆ ಮಾಡುವುದು ಅವರ ಗುರಿಯಾಗಿತ್ತು. ಗುರುತಿನ ಚೀಟಿಗಳ ಪ್ರತಿಗಳು ಹೇಗ್ ನಗರದ ಕ್ಲೈಕಾಂಪ್ ಬಂಗಲೆಯಲ್ಲಿ ಬೇರೆಯಾಗಿ ಇದ್ದವು. ಅದರ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿದ್ದು 1944ರ ಏಪ್ರಿಲ್ 11ರಂದು. ಕಚೇರಿಯಲ್ಲಿದ್ದ ಹತ್ತಾರು ನೌಕರರು ಸತ್ತರು. ಆ ಹೊತ್ತಿಗೆ ಗಡೀಪಾರಿನ ಬಹುಪಾಲು ರೈಲುಗಳು ಹೊರಟುಹೋಗಿದ್ದವು.

ನಿವೃತ್ತ ರೆಕಾರ್ಡ್ ಕೀಪರ್, ಹಾಸನ:

ಮೇಡಂ ಹೇಳಿದ್ದು ನಿಜ. ನಮ್ಮ ದಫ್ತರದಲ್ಲಿ ಒಮ್ಮೆ ಮಳೆಗಾಲದಲ್ಲಿ ಹೆಂಚು ಜಾರಿ ನೀರು ನುಗ್ಗಿತ್ತು. ನೆಂದ ಕಡತಗಳು ಒಣಗಿದ ಮೇಲೆ ಇಟ್ಟಿಗೆಯಂತೆ ಒಂದಕ್ಕೊಂದು ಅಂಟಿಕೊಂಡವು, ಬಿಡಿಸಲು ಹೋದರೆ ಬರಹವೂ ಎದ್ದು ಬರುತ್ತಿತ್ತು. ಆ ಅಗ್ನಿಶಾಮಕದವರಿಗೆ ತಾವು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು.

ಅವರೂ ಸಂಬಳ ಪಡೆಯುವ ನಗರ ನೌಕರರೇ, ಕಾರ್ಡಿನ ಮೇಲೆ ಬರೆಯುತ್ತಿದ್ದ ಗುಮಾಸ್ತರೂ ನಗರ ನೌಕರರೇ. ನನ್ನನ್ನು ಕಾಡುತ್ತಿರುವುದು ಈ ಮಾತು. ಆ ಗುಮಾಸ್ತನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ರಾತ್ರಿಯೆಲ್ಲ ಯೋಚಿಸಿದೆ. ಮೇಲಿನವರ ಟಪ್ಪಣಿ ಬಂದರೆ ಪಾಲಿಸುವುದನ್ನೇ ನಮಗೆ ಕಲಿಸಿರುತ್ತಾರೆ.

ದಾರಿಹೋಕ:

ಆಕ್ರಮಿಸಿದ ಸೈನ್ಯದ ಬಂದೂಕಿನ ಎದುರು ಗುಮಾಸ್ತನನ್ನು ದೂಷಿಸುವುದು ಸರಿಯೇ? ಇಂದು ಕುರ್ಚಿಯಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ.

ಆಮ್‌ಸ್ಟೆಲ್‌ವೇನ್ ವಾಸಿ:

ಒಬ್ಬೊಬ್ಬ ಗುಮಾಸ್ತನ ಮೇಲೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಎಲ್ಲರೂ ಮೊದಲ ದಿನದಿಂದಲೇ ಬಂದೂಕಿನ ಎದುರು ನಿಂತಿದ್ದರು ಎಂಬ ಮಾತನ್ನು ದಾಖಲೆಗಳು ಒಪ್ಪುವುದಿಲ್ಲ. ಯಹೂದಿ ಪ್ರಾಧ್ಯಾಪಕರನ್ನು ತೆಗೆದಾಗ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕ್ಲೆವೆರಿಂಗಾ 1940ರ ನವೆಂಬರ್ 26ರಂದು ತುಂಬಿದ ಸಭೆಯಲ್ಲಿ ಪ್ರತಿಭಟಿಸಿ ಮಾತನಾಡಿದರು, ಅದಕ್ಕಾಗಿ ಸೆರೆಗೂ ಹೋದರು.

1941ರ ಫೆಬ್ರವರಿ ಮುಷ್ಕರದ ಕಥೆಯಂತೂ ನಗರಾಡಳಿತದ ಒಳಗಿನದೇ. ಯಹೂದಿ ಕೇರಿಯಲ್ಲಿ ನೂರಾರು ಯುವಕರನ್ನು ಬೀದಿಯಲ್ಲೇ ಹಿಡಿದು ಹೊಡೆದು ಸಾಗಿಸಿದ ಮೇಲೆ, ರಸ್ತೆ ಕೆಲಸಗಾರ ವಿಲೆಮ್ ಕ್ರಾನ್ ಮತ್ತು ನಗರ ಸ್ವಚ್ಛತಾ ಇಲಾಖೆಯ ಪೀಟ್ ನಾಕ್ ಫೆಬ್ರವರಿ 24ರ ಸಂಜೆ ನೋರ್ಡರ್‌ಮಾರ್ಕ್ಟ್ ಚೌಕದಲ್ಲಿ ತಮ್ಮ ಸಹೋದ್ಯೋಗಿಗಳ ಸಭೆ ಸೇರಿಸಿದರು. ಇಬ್ಬರೂ ನಗರ ನೌಕರರು. ಮರುದಿನ ಬೆಳಗ್ಗೆ ಟ್ರಾಮ್‌ಗಳು ಹೊರಡಲಿಲ್ಲ. ಟ್ರಾಮ್ ಇಲ್ಲದ್ದನ್ನು ಕಂಡೇ ಊರಿಗೆ ಊರೇ ಮುಷ್ಕರದ ಸುದ್ದಿ ತಿಳಿಯಿತು. ಎರಡು ದಿನಗಳಲ್ಲಿ ಗುಂಡು ಹಾರಿಸಿ ಅದನ್ನು ಅಡಗಿಸಿದರು, ನಗರಕ್ಕೆ ಒಂದೂವರೆ ಕೋಟಿ ಗಿಲ್ಡರ್ ದಂಡ ಹಾಕಿದರು, ಮೇಯರ್ ಡೆ ಫ್ಲುಖ್ಟ್ ಅವರನ್ನು ತೆಗೆದು ತಮಗೆ ಬೇಕಾದ ಫೌಟೆಯನ್ನು ಕೂರಿಸಿದರು. ಮುಂದಿನ ವರ್ಷ ನವೆಂಬರಿನಲ್ಲಿ ಕ್ರಾನ್‌ನನ್ನು ಕೊಂದರು.

ದಾರಿಹೋಕರೇ, ನಿಮ್ಮ ಮಾತಿನಲ್ಲಿರುವ ಭಯ ಸುಳ್ಳಲ್ಲ. ಆ ಭಯಕ್ಕೆ ಇಲ್ಲಿ ನಿಜವಾದ ಕಾರಣವಿತ್ತು. ಆದರೆ ಅದೇ ಟ್ರಾಮ್ ಸಂಸ್ಥೆ 1942ರ ಬೇಸಿಗೆಯಿಂದ ಯಹೂದಿ ಕುಟುಂಬಗಳನ್ನು ರಾತ್ರಿ ವಿಶೇಷ ಗಾಡಿಗಳಲ್ಲಿ ನಿಲ್ದಾಣಕ್ಕೆ ಒಯ್ದಿತು, ಸೇವೆಗೆ ಬಿಲ್ಲು ಬರೆದು ಜರ್ಮನರಿಗೆ ಕಳಿಸಿತು. ಆ ಬಿಲ್ಲುಗಳು ಇವೆ. ಕೊನೆಯ ಬಿಲ್ಲಿನ 80 ಗಿಲ್ಡರ್ ಬಾಕಿ ಉಳಿದಿತ್ತು. ಯುದ್ಧ ಮುಗಿದು, ಕ್ಯಾಂಪುಗಳಲ್ಲಿ ಏನಾಯಿತೆಂದು ಇಡೀ ಲೋಕಕ್ಕೆ ತಿಳಿದ ಮೇಲೂ, 1947ರವರೆಗೆ ಆ ಬಾಕಿಯ ವಸೂಲಿಗೆ ಪ್ರಯತ್ನ ನಡೆಯಿತು. 1947ರಲ್ಲಿ ಯಾರ ಬಂದೂಕೂ ಇರಲಿಲ್ಲ.

ಇನ್ನೊಂದು ಕಡತವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬಹಳ ಕಡೆ ಮನೆ ನಿಮ್ಮದಾದರೂ ನೆಲ ನಗರದ್ದು, ಅದಕ್ಕೆ ನಿಗದಿತ ಗಡುವಿನಲ್ಲಿ ನೆಲಬಾಡಿಗೆ ಕಟ್ಟಬೇಕು. ಯುದ್ಧಕಾಲದಲ್ಲಿ ಯಹೂದಿಗಳ ಮನೆಗಳನ್ನು 1941ರ ಆಗಸ್ಟಿನ ಆದೇಶದ ಮೇಲೆ ಕಸಿದುಕೊಂಡರು. ಎಷ್ಟೋ ಮನೆಗಳನ್ನು ಡಚ್ಚರಿಗೇ ಮಾರಿದರು. ಆ ಮನೆಗಳಲ್ಲಿ ಬೇರೆಯವರು ವಾಸವಿದ್ದರು, ನೆಲಬಾಡಿಗೆ ಬಾಕಿ ಬಿತ್ತು. ಕ್ಯಾಂಪಿನಿಂದಲೋ ಅಡಗುದಾಣದಿಂದಲೋ ಬದುಕಿ ಮರಳಿದವರು, ಅಥವಾ ಸತ್ತವರ ವಾರಸುದಾರರು, ಕಾನೂನಿನ ದಾರಿಯಲ್ಲಿ ಹೋರಾಡಿ ಮನೆಯನ್ನು ಮರಳಿ ಪಡೆದಾಗ ನಗರದ ಹಣಕಾಸು ವಿಭಾಗ ಅವರಿಗೆ ನೋಟಿಸು ಕಳಿಸಿತು: ಇಷ್ಟು ವರ್ಷದ ಬಾಕಿ, ಗಡುವಿಗೆ ಕಟ್ಟದ್ದಕ್ಕೆ ಇಷ್ಟು ದಂಡ. ತಾವು ಕ್ಯಾಂಪಿನಲ್ಲಿದ್ದೆವು, ಕಟ್ಟುವುದು ಹೇಗೆ ಸಾಧ್ಯವಿತ್ತು ಎಂದು ಅವರು ಬರೆದ ಮನವಿಗಳೂ ಅದೇ ಕಡತಗಳಲ್ಲಿವೆ. ನಿಯಮಕ್ಕೆ ವಿನಾಯಿತಿ ಇಲ್ಲ ಎಂಬುದು ಉತ್ತರ.

ಈ ಕಾಗದಗಳು ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದವು. ಹಳೆಯ ಕಡತಗಳನ್ನು ಡಿಜಿಟಲ್ ಮಾಡುವ ಕೆಲಸಕ್ಕೆ ಸೇರಿದ್ದ ಷಾರ್ಲೊಟೆ ಫಾನ್ ಡೆನ್ ಬೆರ್ಖ್ ಎಂಬ ವಿದ್ಯಾರ್ಥಿನಿ ಅವನ್ನು ಓದಿದಳು, ಓದಿದ್ದನ್ನು ಮೇಲಿನವರ ಗಮನಕ್ಕೆ ತಂದಳು, ಅವರು ಕಿವಿಗೊಡದಿದ್ದಾಗ ಪತ್ರಿಕೆಗೆ ತಿಳಿಸಿದಳು. 2013ರಲ್ಲಿ ಸುದ್ದಿ ಹೊರಬಂತು. ಯುದ್ಧಕಾಲದ ಅಧ್ಯಯನಕ್ಕೆಂದೇ ಇರುವ ನಿಯೋಡ್ ಸಂಸ್ಥೆ ತನಿಖೆ ನಡೆಸಿತು. 2016ರಲ್ಲಿ ನಗರಾಡಳಿತ ಸುಮಾರು ಒಂದು ಕೋಟಿ ಯೂರೋಗಳನ್ನು ಯಹೂದಿ ಸಮುದಾಯಕ್ಕೆ ಹಿಂತಿರುಗಿಸಲು ಒಪ್ಪಿತು. ಆಮೇಲೆ ಬೇರೆ ನಗರಗಳೂ ತಮ್ಮ ಕಡತಗಳನ್ನು ಬಿಚ್ಚಿ ನೋಡಿದವು, ಕಸಿದ ಆಸ್ತಿಗಳ ಮಾರಾಟದ ಪುಸ್ತಕಗಳನ್ನು ಹಿಡಿದು ಹತ್ತಾರು ಊರುಗಳಲ್ಲಿ ಈಗ ಇಂಥ ಶೋಧನೆ ನಡೆದಿದೆ. 2025ರ ಏಪ್ರಿಲ್ 24ರಂದು ಮೇಯರ್ ಫೆಮ್ಕೆ ಹಲ್ಸೆಮಾ ನಗರಾಡಳಿತದ ಪರವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ ಜಾಗ ಹಾಲೆಂಡ್ಸೆ ಸ್ಖೌಬೂರ್ಖ್, ಗಡೀಪಾರಿಗೆ ಮುನ್ನ ಯಹೂದಿಗಳನ್ನು ಕೂಡಿಹಾಕಿದ್ದ ನಾಟಕಶಾಲೆ.

ಬೆಂಗಳೂರಿನ ಡೇಟಾಬೇಸ್ ಕೆಲಸಗಾರ:

ನೆಲಬಾಡಿಗೆಯ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸುಟ್ಟುಹಾಕಬೇಕಿತ್ತು ಎಂಬ ನನ್ನ ಮೊದಲ ಮಾತನ್ನು ಈಗ ಅಷ್ಟು ಸಲೀಸಾಗಿ ಹೇಳಲಾರೆ. 1943ರಲ್ಲಿ ಕಾರ್ಡು ಸುಟ್ಟಿದ್ದರೆ ಕೆಲವರ ಜೀವ ಉಳಿಯುತ್ತಿತ್ತು, 1950ರಲ್ಲಿ ನೋಟಿಸಿನ ಕಡತ ಸುಟ್ಟಿದ್ದರೆ ನಗರದ ಮಾನ ಉಳಿಯುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಒಂದು ಸಂದೇಹ ಉಳಿದಿದೆ. ಇಂಥ ಹೆಸರು-ವಿಳಾಸಗಳ ದಾಖಲೆಗಳನ್ನೆಲ್ಲ ಅಂತರ್ಜಾಲಕ್ಕೆ ಏರಿಸುವುದು ಕ್ಷೇಮವೇ? ಯಾವ ಕಲಂ ಯಾವಾಗ ಯಾರ ಕೈಗೆ ಸಿಕ್ಕೀತೋ ಹೇಳಲಾಗದು ಎಂಬುದೇ ಈ ಇಡೀ ಕಥೆಯಲ್ಲವೇ?

ಇತಿಹಾಸ ಉಪನ್ಯಾಸಕಿ, ಧಾರವಾಡ:

ಈ ಪ್ರಶ್ನೆಯ ಮೇಲೆ ಅಲ್ಲಿ ಈಗಲೂ ವಾದ ನಡೆದಿದೆ. ಜರ್ಮನರ ಜೊತೆ ಸಹಕರಿಸಿದ ಆರೋಪದ ಮೇಲೆ ಯುದ್ಧಾನಂತರ ತನಿಖೆಗೆ ಒಳಗಾದವರ ಕಡತಗಳು ಹೇಗ್‌ನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅವುಗಳ ಗೌಪ್ಯತೆಯ ಅವಧಿ 2025ರ ಜನವರಿಯಲ್ಲಿ ಮುಗಿಯಿತು. ಸುಮಾರು 4,25,000 ಹೆಸರುಗಳ ಪಟ್ಟಿಯನ್ನು ಅಂತರ್ಜಾಲಕ್ಕೆ ಏರಿಸಿದರು. ಆದರೆ ಇಡೀ ಕಡತಗಳನ್ನು ಏರಿಸುವ ಯೋಜನೆಯನ್ನು ಖಾಸಗಿ ಮಾಹಿತಿ ರಕ್ಷಣಾ ಪ್ರಾಧಿಕಾರದ ಎಚ್ಚರಿಕೆಯ ನಂತರ ತಡೆಹಿಡಿದರು. ಆ ಪಟ್ಟಿಯಲ್ಲಿರುವವರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಂದಿ ಮಾತ್ರ ನ್ಯಾಯಾಲಯದ ಮುಂದೆ ನಿಂತವರು. ಉಳಿದವರ ಮಕ್ಕಳು ಮೊಮ್ಮಕ್ಕಳು ಬೆಳಗಾಗುವಷ್ಟರಲ್ಲಿ ಆ ಪಟ್ಟಿಯಲ್ಲಿ ತಮ್ಮ ಮನೆಯ ಹೆಸರು ಕಂಡರು.

ನನ್ನ ಅಭಿಪ್ರಾಯ ಕೇಳಿದರೆ, ಆಡಳಿತ ಏನು ಮಾಡಿತು ಎಂದು ತೋರಿಸುವ ಕಾಗದ ಪೂರ್ತಿ ತೆರೆದಿರಬೇಕು: ಆದೇಶ, ಟಪ್ಪಣಿ, ಬಿಲ್ಲು, ನಕ್ಷೆ, ನೋಟಿಸು. ಒಬ್ಬ ವ್ಯಕ್ತಿಯ ಮೇಲಿನ ಸಾಬೀತಾಗದ ದೂರನ್ನು ಓದುವವರು ದಫ್ತರಖಾನೆಗೆ ಬಂದು, ಹೆಸರು ಬರೆಸಿ, ಕಡತವನ್ನು ಮೇಜಿನ ಮೇಲಿಟ್ಟುಕೊಂಡು, ಹಿಂದುಮುಂದಿನ ಪುಟಗಳೊಡನೆ ಓದಲಿ. ಇದು ನಿಧಾನವಾದ ದಾರಿ. ಅಷ್ಟು ನಿಧಾನ ಬೇಕು.

ನಿವೃತ್ತ ರೆಕಾರ್ಡ್ ಕೀಪರ್, ಹಾಸನ:

ಮೇಡಂ ಮಾತಿಗೆ ನನ್ನ ಸಹಮತವಿದೆ.

ಮತ್ತೆ ಆ ಕಾರ್ಡಿಗೇ ಬರುತ್ತೇನೆ. ‘ಎಲ್ಲಿಗೆಂದು ತಿಳಿಯದು’ ಎಂಬ ಷರಾದ ಕೆಳಗೆ ಏನಾದರೂ ಬರಹ ಇದೆಯೇ? ಒಬ್ಬ ಮನುಷ್ಯನ ಖಾತೆಯನ್ನು ಹಾಗೆ ಅರ್ಧಕ್ಕೆ ಬಿಡಲು ಯಾವ ಕಚೇರಿಗೂ ಆಗುವುದಿಲ್ಲ. ಮರಣ ದಾಖಲಾಗದಿದ್ದರೆ ಆಸ್ತಿ, ವಿಮೆ, ಮರುಮದುವೆ ಎಲ್ಲವೂ ನಿಂತುಹೋಗುತ್ತದೆ. ಹೆಣವಿಲ್ಲ, ವೈದ್ಯರ ಚೀಟಿಯಿಲ್ಲ, ಸಾಕ್ಷಿಯಿಲ್ಲ. ಮರಣದ ದಿನಾಂಕವನ್ನು ಹೇಗೆ ಬರೆದರು?

ಆಮ್‌ಸ್ಟೆಲ್‌ವೇನ್ ವಾಸಿ:

ಇದೆ ಸರ್. ನಾಲ್ಕು ಕಾರ್ಡುಗಳಲ್ಲೂ ಕೆಳಗೆ ಇನ್ನೊಂದು ಕೈಬರಹದಲ್ಲಿ, ಬೇರೆ ಶಾಯಿಯಲ್ಲಿ, ಮರಣದ ದಿನಾಂಕ ಮತ್ತು ಸ್ಥಳ ಬರೆದಿದೆ. ಅದರ ಹಿಂದೆ ಒಂದು ಕಾನೂನು ಇದೆ. ನೆದರ್‌ಲ್ಯಾಂಡ್ಸ್‌ನಿಂದ ಗಡೀಪಾರಾದ ಸುಮಾರು 1,07,000 ಯಹೂದಿಗಳಲ್ಲಿ ಬದುಕಿ ಮರಳಿದವರು ಸುಮಾರು 5,200 ಮಂದಿ. ಉಳಿದವರು ಕಾಗದದ ಮೇಲೆ ವರ್ಷಗಟ್ಟಲೆ ಕಾಣೆಯಾದವರಾಗಿಯೇ ಇದ್ದರು. 1949ರ ಜೂನ್ 2ರ ಕಾನೂನಿನ ಮೇಲೆ ಕಾಣೆಯಾದವರಿಗೆ ಮರಣ ದಾಖಲೆ ಬರೆಯುವ ವ್ಯವಸ್ಥೆ ಆಯಿತು. ರೆಡ್‌ಕ್ರಾಸ್ ಸಂಸ್ಥೆ ಗಡೀಪಾರಿನ ಪಟ್ಟಿಗಳನ್ನೂ ಬದುಕಿ ಬಂದವರ ಹೇಳಿಕೆಗಳನ್ನೂ ಕೂಡಿಸಿ ಯಾವ ರೈಲು ಯಾವ ದಿನ ಎಲ್ಲಿಗೆ ಹೋಯಿತೆಂದು ತಿಳಿದುಕೊಂಡಿತ್ತು. ಅದರ ಆಧಾರದ ಮೇಲೆ ದಿನಾಂಕವನ್ನು ಲೆಕ್ಕ ಹಾಕಿದರು. ಹೆಸರುಗಳನ್ನು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸಿ, ಆಮೇಲೆ ಆಯಾ ನಗರದ ನೋಂದಣಿ ಕಚೇರಿ ಮರಣವನ್ನು ದಾಖಲಿಸಿತು.

ಲೆಕ್ಕದ ರೀತಿ ಹೀಗಿತ್ತು. 1943ರ ಮಾರ್ಚಿನಿಂದ ಜುಲೈವರೆಗೆ, ಗಡೀಪಾರಿಗೆ ಮುನ್ನ ಯಹೂದಿಗಳನ್ನು ಈ ದೇಶದಲ್ಲೇ ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಕ್ಯಾಂಪಿನಿಂದ ಪೋಲೆಂಡಿನಲ್ಲಿದ್ದ ಸಂಹಾರದ ಕ್ಯಾಂಪು ಸೋಬಿಬೋರ್‌ಗೆ 19 ರೈಲುಗಳಲ್ಲಿ 34,313 ಮಂದಿಯನ್ನು ಸಾಗಿಸಿದರು, ಅವರಲ್ಲಿ ಬದುಕಿ ಉಳಿದವರು 18 ಮಂದಿ. ರೈಲು ತಲುಪಲು ಮೂರು ದಿನ, ತಲುಪಿದ ದಿನವೇ ಕೊಲ್ಲುತ್ತಿದ್ದರು. ಹಾಗಾಗಿ ರೈಲು ಹೊರಟ ದಿನಕ್ಕೆ ಮೂರು ದಿನ ಕೂಡಿಸಿ ಬರೆದದ್ದೇ ಮರಣದ ದಿನಾಂಕ. ಪೋಲೆಂಡಿನಲ್ಲೇ ಇದ್ದ ಇನ್ನೊಂದು ಕ್ಯಾಂಪು ಆಷ್ವಿಟ್ಸ್‌ಗೆ ಹೋದವರಲ್ಲಿ ಮಕ್ಕಳು, ಮಕ್ಕಳ ಜೊತೆಗಿದ್ದ ತಾಯಂದಿರು, ವೃದ್ಧರು, ಇವರಿಗೂ ತಲುಪಿದ ದಿನವನ್ನೇ ಹಾಕಿದರು. ದುಡಿಮೆಗೆ ಆರಿಸಿದ ಗಂಡಸರು ಎಂದು ಸತ್ತರೋ ತಿಳಿಯುವ ದಾರಿಯಿರಲಿಲ್ಲ. ಅಂಥವರು ಬದುಕಿರಬಹುದಾಗಿದ್ದ ಕಡೆಯ ಅವಧಿಯನ್ನು ಅಂದಾಜು ಮಾಡಿ ಯಾವುದೋ ತಿಂಗಳ ಕೊನೆಯ ದಿನವನ್ನು ಬರೆದರು. ಸೆಪ್ಟೆಂಬರ್ 30, ಫೆಬ್ರವರಿ 28, ಮಾರ್ಚ್ 31 ಎಂದು ಕಂಡರೆ ಅದು ಲೆಕ್ಕದ ದಿನಾಂಕ ಎಂದು ಈಗ ನನಗೂ ಓದಲು ಬರುತ್ತದೆ.

ನಾವಿದ್ದ ಮನೆಯ ನಾಲ್ಕು ಕಾರ್ಡುಗಳಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳಿಗೆ ಒಂದೇ ದಿನಾಂಕವಿದೆ. ತಂದೆಯ ಕಾರ್ಡಿನಲ್ಲಿ ಅದಾಗಿ ಕೆಲವು ತಿಂಗಳ ನಂತರದ ಒಂದು ತಿಂಗಳ ಕೊನೆಯ ದಿನ.

ನಿವೃತ್ತ ರೆಕಾರ್ಡ್ ಕೀಪರ್, ಹಾಸನ:

ನಮ್ಮ ಕಚೇರಿಯಲ್ಲಾದರೆ ಅಂಥ ದಿನಾಂಕದ ಪಕ್ಕ ‘ಅಂದಾಜು’ ಎಂದು ಷರಾ ಹಾಕುತ್ತಿದ್ದೆವು. ಅಲ್ಲಿ ಹಾಕಿಲ್ಲವೇ?

ಆಮ್‌ಸ್ಟೆಲ್‌ವೇನ್ ವಾಸಿ:

ನಾನು ನೋಡಿದ ಕಾರ್ಡುಗಳಲ್ಲಿ ಹಾಕಿಲ್ಲ ಸರ್. ದಿನಾಂಕ ಮಾತ್ರ ಇದೆ. ಕಾಲುದಾರಿಯ ಹಿತ್ತಾಳೆಯ ಮೇಲೂ ಅದನ್ನೇ ಕೊರೆದಿದ್ದಾರೆ. ಯಹೂದಿಗಳಲ್ಲಿ ತೀರಿಕೊಂಡವರ ದಿನದಂದು ಮನೆಯಲ್ಲಿ ಇಡೀ ದಿನ ಉರಿಯುವ ದೀಪ ಹಚ್ಚುವ ಪದ್ಧತಿ ಇದೆ, ನಮ್ಮಲ್ಲಿ ವರ್ಷದ ತಿಥಿ ಮಾಡುವಂತೆ. ಇಲ್ಲಿ ಎಷ್ಟೋ ಕುಟುಂಬಗಳು ನೋಂದಣಿ ಕಚೇರಿ ಲೆಕ್ಕ ಹಾಕಿ ಬರೆದ ಆ ದಿನವೇ ದೀಪ ಹಚ್ಚುತ್ತವೆ. ಅವರ ಬಳಿ ಬೇರೆ ದಿನಾಂಕ ಇಲ್ಲ.